ರಾಕ್ ಆಲ್ಬಮ್ಮುಗಳೂ ನಮ್ಮ ತಮಟೆಯೂ: ಅಭಿರುಚಿಯ ಸುತ್ತ ಕೆಲವು ಮಾತು

ಸಂಗೀತಗಾರರನ್ನು ಮಾತಾಡಿಸುವವರು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ನಿಮ್ಮ ಬದುಕನ್ನು, ಅಭಿರುಚಿಯನ್ನು ರೂಪಿಸಿದ ಆಲ್ಬಮ್ಮುಗಳು ಯಾವುವು? ಉತ್ತರ ಕೊಡುವವರು ಐದೋ ಹತ್ತೋ ಹೆಸರು ಹೇಳುತ್ತಾರೆ. ಅಣ್ಣನ ರೂಮಿನಲ್ಲಿದ್ದ ರೆಕಾರ್ಡ್ ಪ್ಲೇಯರು, ಬ್ರಿಗೇಡ್ ರಸ್ತೆಯ ಅಂಗಡಿ, ಹದಿನಾಲ್ಕನೇ ವಯಸ್ಸಿನ ಒಂದು ಮಳೆಗಾಲದ ಸಂಜೆ, ಇವೆಲ್ಲ ಜೊತೆಗೆ ಬರುತ್ತವೆ. ಓದಲಿಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಈ ಪ್ರಶ್ನೆಯ ಒಳಗೇ ಒಂದು ಮನೆ ಇದೆ. ಆ ಮನೆಯಲ್ಲಿ ಒಬ್ಬನಿಗೇ ಅಂತ ಒಂದು ರೂಮಿದೆ, ಕರೆಂಟಿದೆ, ಇಂಗ್ಲಿಷಿದೆ, ಕೇಳುತ್ತಾ ಸುಮ್ಮನೆ ಕೂರಲು ಬಿಡುವಿದೆ. ನಮ್ಮ ಕಾವ್ಯಮೀಮಾಂಸೆಯ ಸಹೃದಯನೂ ಇಂಥದ್ದೇ ಮನೆಯಲ್ಲಿ ಹುಟ್ಟಿದವನು. ಅವನು ಕೇಳುವವನು, ಬಾರಿಸುವವನಲ್ಲ. ಬಾರಿಸುವವನಿಗೆ ಅಭಿರುಚಿ ಅನ್ನೋದೊಂದು ಇದೆಯೇ ಎಂದು ಯಾರೂ ಕೇಳಿದ್ದಿಲ್ಲ. ಅವನಿಗೆ ಕಸುಬಿದೆ, ಅಷ್ಟೇ ಗೊತ್ತು.

ದಲಿತ ವಿಮರ್ಶೆಯೂ ಇಲ್ಲಿ ಹೆಚ್ಚು ದೂರ ಹೋಗಿಲ್ಲ. ಕಥೆ, ಕಾವ್ಯ, ಆತ್ಮಕಥನಗಳನ್ನು ನಾವು ಮುಖಾಮುಖಿಯಾದಷ್ಟು ಸಂಗೀತವನ್ನು ಆಗಲಿಲ್ಲ. ಆದಾಗಲೂ ಹಾಡಿನ ಸಾಹಿತ್ಯವನ್ನು ಓದಿದೆವೇ ಹೊರತು ನಾದವನ್ನಲ್ಲ. ಹೋರಾಟದ ಹಾಡುಗಳ ಬಗ್ಗೆ ಬಂದ ಲೇಖನಗಳನ್ನು ತಿರುವಿ ನೋಡಿ, ತಮಟೆ ಎಂಬ ಪದ ರೂಪಕವಾಗಿ ಎಷ್ಟು ಸಲ ಬಂದಿದೆ, ಬಾರಿಸಿದವರ ಹೆಸರು ಎಷ್ಟು ಸಲ ಬಂದಿದೆ? ಈ ಬರಹ ಆ ಕಡೆಯಿಂದ ಹೊರಡುತ್ತದೆ. ಬೆಂಗಳೂರಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ನರಸಾಪುರದವನೊಬ್ಬ, ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಗಿಟಾರ್ ನುಡಿಸಿದವನು, ತಮಟೆ ಬಾರಿಸುವವರ ಮನೆಯಲ್ಲಿ ಹುಟ್ಟಿದವನು, ಅದೇ ಖಾಯಂ ಪ್ರಶ್ನೆಗೆ ಉತ್ತರ ಕೊಡಲು ಕೂತರೆ ಏನಾಗುತ್ತದೆ ಅನ್ನೋದೇ ಇಲ್ಲಿನ ವಿಷಯ.

ನಮ್ಮ ಕಡೆ ಕನ್ನಡದ ಜೊತೆಗೆ ತೆಲುಗು, ತಮಿಳು ಎಲ್ಲಾ ಒಂದೇ ಬಾಯಲ್ಲಿ ಆಡುತ್ತವೆ. ನನಗೆ ಎಲೆಕ್ಟ್ರಿಕ್ ಗಿಟಾರಿನ ರುಚಿ ಹತ್ತಿಸಿದ್ದು ಯಾವ ಬಿಳಿಯನೂ ಅಲ್ಲ, ಇಳಯರಾಜ. ಶಂಕರ್‌ನಾಗ್ ಅಭಿನಯದ ‘ಗೀತಾ’ (1981) ಚಿತ್ರದ ಕ್ಯಾಸೆಟ್ಟು ಹೋಟಲಿನಲ್ಲಿ ದಿನವಿಡೀ ತಿರುಗುತ್ತಿತ್ತು. ಹೊರಗೆ ನಿಂತು ಕೇಳುತ್ತಿದ್ದೆವು. ಹಾಡುವವರ ದನಿಯ ಕೆಳಗೆ ಬೇಸ್ ಗಿಟಾರು ತನ್ನದೇ ದಾರಿ ಹಿಡಿದು ಹೋಗುವುದು ಆ ವಯಸ್ಸಿಗೇ ಕಿವಿಗೆ ಬಿದ್ದಿತ್ತು. ಇಳಯರಾಜ ಪಣ್ಣೈಪುರಂ ಎಂಬ ಊರಿನ ದಲಿತ ಕುಟುಂಬದಲ್ಲಿ ಹುಟ್ಟಿ, ಅಣ್ಣ ವರದರಾಜನ್ ಜೊತೆ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಾ ತಿರುಗಿದವರು ಅನ್ನೋದು ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾವು ಅವರನ್ನು ನಮ್ಮವರು ಅಂದುಕೊಂಡೆವು. ಅವರೋ ತಮ್ಮನ್ನು ಜಾತಿಯ ಹೆಸರಲ್ಲಿ ಗುರುತಿಸುವುದನ್ನು ಒಪ್ಪಿದವರಲ್ಲ. ಅದು ಅವರ ಹಕ್ಕು ಬಿಡಿ.

ನಿಜವಾದ ರಾಕ್ ಬಂದದ್ದು ಕೆಜಿಎಫ್‌ನಿಂದ. ಸೋದರಮಾವ ಚಾಂಪಿಯನ್ ರೀಫಿನಲ್ಲಿ ಗಣಿ ಕೆಲಸಕ್ಕಿದ್ದ. ಅವನ ಪರಿಚಯದ ಒಂದು ಆಂಗ್ಲೋ ಇಂಡಿಯನ್ ಸಂಸಾರ ಮನೆ ಖಾಲಿ ಮಾಡಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗುವಾಗ ಒಂದು ರಟ್ಟಿನ ಡಬ್ಬದ ತುಂಬಾ ಕ್ಯಾಸೆಟ್ಟು ಬಿಟ್ಟುಹೋಯಿತು. ಲೆಡ್ ಜೆಪ್ಪೆಲಿನ್, ಜಿಮಿ ಹೆಂಡ್ರಿಕ್ಸ್, ಪಿಂಕ್ ಫ್ಲಾಯ್ಡ್, ಬಾಬ್ ಮಾರ್ಲಿ. ಯಾರು ಕರಿಯರು, ಯಾರು ಬಿಳಿಯರು, ಹಾಡಿನ ಅರ್ಥ ಏನು, ಒಂದೂ ತಿಳಿಯದು. ತಿಳಿದದ್ದು ಡ್ರಮ್ಮು ಮಾತ್ರ.

ಇಲ್ಲಿ ಅಪ್ಪನ ಮಾತು ಹೇಳಬೇಕು. ನಮ್ಮ ತಾತ ತಮಟೆ ಬಾರಿಸಿದವನು. ಸಾವಿಗೆ, ಮಾರಮ್ಮನ ಜಾತ್ರೆಗೆ, ಊರಲ್ಲಿ ಸಾರಬೇಕಾದ ಸುದ್ದಿಗೆ. ಕೂಲಿ ಅಂತ ಇರಲಿಲ್ಲ, ಕಣದಲ್ಲಿ ಕೊಡುವ ಒಂದು ಮೊರ ರಾಗಿ. ಅಪ್ಪ ತಮಟೆ ಬಿಟ್ಟವನು. ಅವನ ಪ್ರಾಯದ ಕಾಲವೇ ಅಂಥದ್ದು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಆಡಿದ ಬೂಸಾ ಮಾತಿನಿಂದ ರಾಜ್ಯವೇ ಹೊತ್ತಿಕೊಂಡಿತು, ಮಂತ್ರಿ ಪದವಿ ಹೋಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಸತ್ತ ದನ ಹೊರಲ್ಲ, ಹೆಣದ ಮುಂದೆ ತಮಟೆ ಬಡಿಯಲ್ಲ ಎಂದು ಕೇರಿಗಳಲ್ಲಿ ತೀರ್ಮಾನವಾಗುತ್ತಿದ್ದ ಕಾಲ ಅದು. ಅಪ್ಪ ತಾತನ ತಮಟೆಯನ್ನು ಅಟ್ಟಕ್ಕೆ ಎಸೆದು, ಮಕ್ಕಳು ಮುಟ್ಟಿದರೆ ಕೈ ಮುರೀತೀನಿ ಅಂದ. ಅದೇ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯೇ ಮುಂದೆ ಹೋಗುತ್ತಿತ್ತು ಅನ್ನೋದು ಬೇರೆ ಮಾತು. ಒಂದೇ ಚಳವಳಿ ಒಂದು ಕೈಯಲ್ಲಿ ತಮಟೆಯನ್ನು ಎಸೆಯಿತು, ಇನ್ನೊಂದು ಕೈಯಲ್ಲಿ ಎತ್ತಿಕೊಂಡಿತು. ಈ ಇಬ್ಬಂದಿಯನ್ನು ನಮ್ಮ ವಿಮರ್ಶಕರು ಬಹಳ ಬೇಗ ‘ಸಂಕೇತದ ಪಲ್ಲಟ’ ಎಂದು ಕರೆದು ಮುಗಿಸಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅದು ಪಲ್ಲಟವಾಗಿರಲಿಲ್ಲ, ಜಗಳವಾಗಿತ್ತು.

ಗಿಟಾರು ಆ ಜಗಳದಿಂದ ತಪ್ಪಿಸಿಕೊಳ್ಳುವ ದಾರಿ. ಊರಿಗೆ ಗಿಟಾರಿನ ಜಾತಿ ಗೊತ್ತಿರಲಿಲ್ಲ. ನಾದಸ್ವರ ಊದುವವನು ಯಾರು, ಡೋಲು ಯಾರದ್ದು, ವೀಣೆ ಯಾರ ಮನೆಯಲ್ಲಿರುತ್ತೆ, ಎಲ್ಲವೂ ಊರಿಗೆ ಲೆಕ್ಕವಿತ್ತು. ಈ ಆರು ತಂತಿಯ ಮರದ ಡಬ್ಬಿಯನ್ನು ಯಾವ ಬೀದಿಗೆ ಸೇರಿಸಬೇಕು ಅಂತ ಗೊತ್ತಾಗದೆ, ಅದನ್ನು ಹಿಡಿದವನನ್ನು ‘ಮಾಸ್ಟ್ರು’ ಅಂದರು. ಮೊದಲ ಸಲ ಗಣೇಶನ ಪೆಂಡಾಲಿನ ಮುಂದಿನ ಸ್ಟೇಜಿನ ಮೇಲೆ ನಮ್ಮ ಕೇರಿಯ ಹುಡುಗ ಹತ್ತಿದ್ದು ಗಿಟಾರಿನ ದೆಸೆಯಿಂದ. ಬೆಂಗಳೂರಿಗೆ ಹೋದ ಮೇಲೆ ಗಿಟಾರಿಗೂ ಜಾತಿ ಇದೆ, ಅದು ಇಂಗ್ಲಿಷಿನಲ್ಲಿರುತ್ತದೆ ಅಂತ ತಿಳಿಯಿತು.

ಈಗ ಕ್ಯಾಸೆಟ್ಟುಗಳಿಗೆ ಬರೋಣ. ಕ್ಯಾಸೆಟ್ಟಿನ ಒಳಗೊಂದು ಮಡಿಚಿದ ಕಾಗದ ಇರುತ್ತದೆ. ಹಾಡಿನ ಹೆಸರು, ಅದರ ಮುಂದೆ ಕಂಸದಲ್ಲಿ ಬರೆದವರ ಹೆಸರು. ನಾನು ಇಂಗ್ಲಿಷ್ ಓದಲು ಕಲಿತದ್ದೇ ಆ ಕಂಸಗಳಲ್ಲಿ. ‘ಲೆಡ್ ಜೆಪ್ಪೆಲಿನ್ 2’ (1969) ಆಲ್ಬಮ್ಮಿನ ಮೊದಲ ಹಾಡಿನ ಮುಂದೆ ತಂಡದ ನಾಲ್ವರ ಹೆಸರಿತ್ತು. ಆ ಹಾಡಿನ ಸಾಹಿತ್ಯದ ದೊಡ್ಡ ಪಾಲು ಚಿಕಾಗೋದ ಕರಿಯ ಸಂಗೀತಗಾರ ವಿಲ್ಲಿ ಡಿಕ್ಸನ್ ಬರೆದು, 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ ಹಾಡಿನಿಂದ ಎದ್ದು ಬಂದದ್ದು. ಡಿಕ್ಸನ್ ಮಗಳ ಕಿವಿಗೆ ಅದು ಬಿದ್ದು, 1985ರಲ್ಲಿ ಕೋರ್ಟಿಗೆ ಹೋಗಿ, 1987ರಲ್ಲಿ ರಾಜಿಯಾಗಿ, ಆಮೇಲಿನ ಮುದ್ರಣಗಳಲ್ಲಿ ಡಿಕ್ಸನ್ ಹೆಸರು ಸೇರಿತು. ನನ್ನ ಕೈಯಲ್ಲಿದ್ದ ಕಾಗದ ರಾಜಿಗಿಂತ ಮೊದಲಿನದು. ಈ ಕಥೆ ಗೊತ್ತಾದ ಮೇಲೂ ಆ ಹಾಡು ಕೆಟ್ಟದಾಗಿ ಕೇಳಲಿಲ್ಲ. ಜಿಮ್ಮಿ ಪೇಜ್‌ನ ಗಿಟಾರು ಎಂದಿನಂತೆಯೇ ಮೈ ಜುಮ್ಮೆನಿಸಿತು. ಅಪಹರಣವನ್ನೂ ಆನಂದವನ್ನೂ ಒಂದೇ ಕಿವಿಯಲ್ಲಿ ಇಟ್ಟುಕೊಳ್ಳಬೇಕಾದ ಈ ಕಷ್ಟವನ್ನು ರಸಸಿದ್ಧಾಂತ ಎಲ್ಲೂ ಚರ್ಚಿಸಿದಂತೆ ಕಾಣೆ.

ನನ್ನನ್ನು ಮತ್ತೆ ಅಟ್ಟದ ಮೇಲಿನ ತಮಟೆಗೆ ಎಳೆದು ತಂದ ಆಲ್ಬಮ್ಮು ಮಾತ್ರ ಅದೇ ತಂಡದ ನಾಲ್ಕನೆಯದು, 1971ರದ್ದು. ಅದರ ಕೊನೆಯ ಹಾಡಿನ ಹೆಸರನ್ನು ಕನ್ನಡದಲ್ಲಿ ‘ಕಟ್ಟೆ ಒಡೆದಾಗ’ ಅನ್ನಬಹುದು. ಮೂಲ ಹಾಡು 1929ರದ್ದು, ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನೀ ಎಂಬ ಕರಿಯ ದಂಪತಿಗಳದ್ದು. ಎರಡು ಗಿಟಾರು, ಒಂದು ಗಂಟಲು, ಅಷ್ಟೆ. 1927ರಲ್ಲಿ ಮಿಸಿಸಿಪ್ಪಿ ನದಿ ಕಟ್ಟೆ ಒಡೆದು ನುಗ್ಗಿದಾಗಿನ ಸಂಕಟ ಅದರಲ್ಲಿದೆ. ಆ ಪ್ರವಾಹದಲ್ಲಿ ಕರಿಯ ಗೇಣಿದಾರರನ್ನು ಬಂದೂಕು ತೋರಿಸಿ ಕಟ್ಟೆಯ ಮೇಲೆ ಮರಳು ಮೂಟೆ ಹೊರಿಸಿದರು. ಕೆಲಸದ ಆಳುಗಳು ಕೈಬಿಟ್ಟು ಹೋದಾರು ಎಂದು ಅವರನ್ನು ಕಾವಲಿನ ಶಿಬಿರಗಳಲ್ಲಿ ಕೂಡಿಹಾಕಿದರು.

ಕೋಲಾರದವನಿಗೆ ಕಟ್ಟೆಯ ಹಾಡು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ನದಿ ಇಲ್ಲದ, ಕೆರೆಗಳ ಸೀಮೆ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿ ಬಹುಪಾಲು ನಮ್ಮವನೇ. ಏರಿ ಬಿರುಕು ಬಿಟ್ಟರೆ ನಡುರಾತ್ರಿ ಮಣ್ಣು ಹೊರಲು ಕರೆಯುತ್ತಿದ್ದುದೂ ನಮ್ಮ ಕೇರಿಯನ್ನೇ, ಕರೆಯುತ್ತಿದ್ದುದು ತಮಟೆಯಿಂದಲೇ. ಆದರೆ ಅವನು ಕಾದ ನೀರಿನಲ್ಲಿ ಅವನದೊಂದು ಗುಂಟೆ ಗದ್ದೆಯೂ ನೆನೆಯುತ್ತಿರಲಿಲ್ಲ. ಕೆರೆಗೆ ಹಾರವಾದ ಸೊಸೆಯ ಕಥನಗೀತೆಯನ್ನು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಏರಿ ಕಾದವರ ಹಾಡು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ನನಗದು ಸಿಕ್ಕಿದ್ದು ಗುರ್‌ಗುಟ್ಟುವ ಒಂದು ಇಂಗ್ಲಿಷ್ ಕ್ಯಾಸೆಟ್ಟಿನಲ್ಲಿ.

ಆ ಹಾಡಿನ ಡ್ರಮ್ಮಿನ ಕಥೆ ಇನ್ನೂ ಇದೆ. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯಲ್ಲಿ, ಎತ್ತರದ ಮೆಟ್ಟಿಲ ಸಾಲಿನ ಬುಡದಲ್ಲಿ ಜಾನ್ ಬಾನಮ್ ಡ್ರಮ್ಮು ಇಟ್ಟು ಬಾರಿಸಿದ. ಆಂಡಿ ಜಾನ್ಸ್ ಎಂಬ ಇಂಜಿನಿಯರ್ ಮೇಲಿನ ಅಂತಸ್ತಿನಿಂದ ಎರಡು ಮೈಕು ಇಳಿಬಿಟ್ಟ. ಏಟು ಗೋಡೆಗೆ ಬಡಿದು, ಮೇಲಕ್ಕೆ ಹೋಗಿ, ತಡವಾಗಿ ವಾಪಸು ಬರುತ್ತದೆ. ರಾಕ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಡ್ರಮ್ ನಾದ ಇಲ್ಲ ಎಂದು ಹೇಳುವವರು ಬಹಳ. ಆ ಮನೆ ಕಟ್ಟಿದ್ದು 1795ರಲ್ಲಿ, ಯಾವುದೋ ಸಾಹುಕಾರನಿಗಲ್ಲ, ಗತಿಗೆಟ್ಟ ಬಡವರನ್ನು, ಮುದುಕರನ್ನು, ತಬ್ಬಲಿಗಳನ್ನು ಸೇರಿಸಿ ದುಡಿಸುವ ಬಡವರ ಮನೆಯಾಗಿ. 1830ರಲ್ಲಿ ಹಸಿದ ಕೂಲಿಯವರು ದಂಗೆ ಎದ್ದು ಅದರ ಮೇಲೆ ಬಿದ್ದಿದ್ದರು. ಮಿಸಿಸಿಪ್ಪಿ ಕಟ್ಟೆಯ ಸಂಕಟ ಬಂದು ಪ್ರತಿಧ್ವನಿಸಿದ್ದು ಇಂಗ್ಲೆಂಡಿನ ದರಿದ್ರರ ಗೋಡೆಗಳಿಗೆ. ಬಾರಿಸಿದವರಿಗೆ ಇದರ ಅರಿವಿತ್ತೋ ಇಲ್ಲವೋ, ನಾದಕ್ಕೆ ಇತ್ತು ಅನಿಸುತ್ತದೆ.

ಅಪ್ಪನಿಗೆ ಒಮ್ಮೆ ಅದನ್ನು ಕೇಳಿಸಿದೆ. ಹಾಡು ಶುರುವಾಗುವ ಮುಂಚಿನ ಬರೀ ಡ್ರಮ್ಮಿನ ಭಾಗ ಕೇಳಿ, ‘ಇವ್ನು ಯಾವೂರೋನೋ, ಚೆನ್ನಾಗ್ ಕಾಯ್ಸವ್ನೆ ಕಣೋ’ ಅಂದ. ತಮಟೆಯ ಚರ್ಮ ತಣ್ಣಗಿದ್ದರೆ ಮಾತಾಡುವುದಿಲ್ಲ. ಹುಲ್ಲೋ ಕಾಗದವೋ ಉರಿಸಿ, ಬೆಂಕಿಯ ಮುಂದೆ ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ನೋಡುತ್ತಾ, ಬಿಗಿ ಬರುವವರೆಗೆ ಕಾಯಿಸಬೇಕು. ಹೆಚ್ಚು ಕಾದರೆ ಹರಿಯುತ್ತದೆ. ಆ ಅಂದಾಜು ಬೆರಳಿನಲ್ಲಿದೆ, ಯಾವ ಶಾಸ್ತ್ರದಲ್ಲೂ ಇಲ್ಲ. ನಲವತ್ತು ವರ್ಷ ತಮಟೆ ಮುಟ್ಟದವನ ಕಿವಿಯಲ್ಲಿ ಆ ಅಂದಾಜು ಹಾಗೇ ಉಳಿದಿತ್ತು. ಅಭಿರುಚಿ ಅಂದರೆ ಏನು ಎಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಇದನ್ನು. ವಾಲ್ವ್ ಆಂಪ್ಲಿಫೈಯರನ್ನೂ ಹೀಗೇ ಕಾಯಲು ಬಿಟ್ಟು ಆಮೇಲೆ ನುಡಿಸುತ್ತಾರೆ ಎಂದು ನಾನು ಹೇಳಿದ್ದಕ್ಕೆ ಅಪ್ಪ ನಕ್ಕ. ಅಟ್ಟದ ಕಡೆ ಮಾತ್ರ ನೋಡಲಿಲ್ಲ.

ಆ ನಾಲ್ಕನೇ ಆಲ್ಬಮ್ಮಿನ ಕಂಸದಲ್ಲಿ ಮೆಂಫಿಸ್ ಮಿನ್ನೀಯ ಹೆಸರಿದೆ. ತಂಡದ ನಾಲ್ವರ ಜೊತೆಗೆ ಐದನೆಯದಾಗಿ. ಜೋ ಮೆಕಾಯ್ ಹೆಸರಿಲ್ಲ, ಮೂಲದಲ್ಲಿ ಹಾಡಿದವನು ಅವನೇ ಆದರೂ. ಮಿನ್ನೀ 1973ರಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಕಲ್ಲು ನಿಂತದ್ದು 1996ರಲ್ಲಿ, ಗಾಯಕಿ ಬಾನಿ ರೇಟ್ ಹಣ ಕೊಟ್ಟದ್ದರಿಂದ.

ಪಿಂಕ್ ಫ್ಲಾಯ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973) ಬೆಂಗಳೂರಿನ ರಾಕ್ ಪ್ರಿಯರಿಗೆ ವೇದ. ನನಗದು ಏರ್ ಕಂಡೀಶನ್ ರೂಮಿನ ದುಃಖವಾಗಿ ಕೇಳಿಸಿತು, ಕೆಲಸ ಬಹಳ ಅಚ್ಚುಕಟ್ಟು. ಆದರೆ ಆ ತಂಡದ ಹೆಸರು ನೋಡಿ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಕರಿಯ ಬ್ಲೂಸ್ ಹಾಡುಗಾರರ ಹೆಸರುಗಳನ್ನು ಜೋಡಿಸಿ ಸಿಡ್ ಬ್ಯಾರೆಟ್ ಇಟ್ಟದ್ದು ಅದು. ಟೀ ಶರ್ಟಿನ ಎದೆಯ ಮೇಲೆ ಕೋಟ್ಯಂತರ ಜನ ಆ ಇಬ್ಬರ ಹೆಸರು ಹೊತ್ತು ತಿರುಗುತ್ತಾರೆ, ಯಾರದ್ದೆಂದು ತಿಳಿಯದೆ.

ಇಷ್ಟು ಹೇಳಿದ ಮೇಲೆ ಕರಿಯರ ಅನುಭವಕ್ಕೂ ನಮ್ಮದಕ್ಕೂ ಸಮ ಚಿಹ್ನೆ ಹಾಕಿಬಿಡುವ ಆಸೆಯಾಗುತ್ತದೆ. ಬ್ಲ್ಯಾಕ್ ಪ್ಯಾಂಥರರ ಹೆಸರನ್ನು ನೋಡಿ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದಾಗಿನಿಂದ ಇದು ನಮ್ಮ ಬರಹಗಾರರಿಗೆ ಅಭ್ಯಾಸವೂ ಆಗಿದೆ. ಸಂಗೀತದ ವಿಷಯದಲ್ಲಿ ಈ ಸಮೀಕರಣ ಒಂದು ಕಡೆ ಮುರಿಯುತ್ತದೆ. ಅಮೆರಿಕದ ಬಿಳಿಯ ಕರಿಯನ ಹಾಡನ್ನು ಬಯಸಿದ, ಕದ್ದ, ಕುಣಿದ. ನಮ್ಮಲ್ಲಿ ನಾದಕ್ಕಿಂತ ಮೊದಲು ವಾದ್ಯವೇ ಮೈಲಿಗೆ. ಅದಕ್ಕೆ ಕಾರಣ ಚರ್ಮ ಎಂದು ಹೇಳುವುದು ಸುಳ್ಳು. ಮೃದಂಗಕ್ಕೂ ದನದ ಚರ್ಮ ಬೇಕು. ಟಿ.ಎಂ. ಕೃಷ್ಣ ಮೃದಂಗ ತಯಾರಕರ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದು, ಚರ್ಮ ಹದ ಮಾಡಿ, ಮೃದಂಗ ಕಟ್ಟಿ, ಅದರ ನಾದವನ್ನೇ ರೂಪಿಸಿದ ದಲಿತ ಕ್ರೈಸ್ತ ಕುಟುಂಬಗಳ ಹೆಸರುಗಳನ್ನು ದಾಖಲಿಸಿದರು. 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣದ ಅನುಮತಿಯನ್ನು ಚೆನ್ನೈನ ಕಲಾಕ್ಷೇತ್ರ ಹಿಂತೆಗೆದುಕೊಂಡಿತು. ಒಂದೇ ದನದ ಚರ್ಮ ಮೃದಂಗವಾದರೆ ದೇವವಾದ್ಯ, ತಮಟೆಯಾದರೆ ಹೆಣದ ವಾದ್ಯ. ಈ ಚಮತ್ಕಾರ ಬ್ಲೂಸ್‌ನವರಿಗೆ ಗೊತ್ತಿರಲಿಲ್ಲ.

ಹೆಂಡ್ರಿಕ್ಸ್ ಕಲಿಸಿದ್ದು ಬೇರೆ. ಎಡಗೈಯವನಾದ ಅವನು ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸಿದ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್‌ನಲ್ಲಿ ತನ್ನ ದೇಶದ ರಾಷ್ಟ್ರಗೀತೆಯನ್ನು ಒಂದಕ್ಷರ ಹಾಡದೆ, ಬರೀ ಗಿಟಾರಿನಿಂದ, ಬಾಂಬು ಬಿದ್ದಂತೆ, ಕಿರುಚಿದಂತೆ ನುಡಿಸಿದ. ವಾದ್ಯ ಅದೇ, ರಾಗ ಅದೇ, ಸಾರುವ ಸುದ್ದಿ ಮಾತ್ರ ಬೇರೆ. ಜಾಥಾದ ಮುಂದೆ ತಮಟೆ ಮಾಡಿದ ಕೆಲಸ ಇದೇ ಅಲ್ಲವೇ? ಸಾವನ್ನು ಸಾರುತ್ತಿದ್ದ ಅದೇ ವರಸೆಯಲ್ಲಿ ಅದು ತಹಸೀಲ್ದಾರ್ ಕಚೇರಿಗೆ ಬಂತು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅಂಥವರು ನಮ್ಮ ಜಿಲ್ಲೆಯಲ್ಲಿ ಹಾಡುವಾಗ ಹಾಡಿಗಿಂತ ಮುಂಚೆ ಅದನ್ನು ಕೇಳಿಯೇ ಕೇರಿಯಿಂದ ಜನ ಹೊರಗೆ ಬರುತ್ತಿದ್ದರು. ಕೋಟಿಗಾನಹಳ್ಳಿ ರಾಮಯ್ಯನವರು ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆ ರಾತ್ರಿಗಳಿಗೆ ಹಾಡು ಕಟ್ಟಿದ್ದೂ ಈ ನಾದದ ನೆಲದ ಮೇಲೆಯೇ.

ಮಾರ್ಲಿಯ ‘ಕ್ಯಾಚ್ ಎ ಫೈರ್’ (1973) ನನಗೆ ಇನ್ನೊಂದು ಅನುಮಾನ ಹುಟ್ಟಿಸಿತು. ಗುಲಾಮಗಿರಿಯ ನೆನಪಿನ ಆ ಹಾಡುಗಳು ಜಮೈಕಾದಲ್ಲಿ ಮುದ್ರಣವಾಗಿ ಲಂಡನ್ನಿಗೆ ಹೋದವು. ಅಲ್ಲಿ ಕ್ರಿಸ್ ಬ್ಲ್ಯಾಕ್‌ವೆಲ್ ಎಂಬ ಕಂಪನಿ ಮಾಲೀಕ ರಾಕ್ ಕೇಳುಗರಿಗೆ ಹಿಡಿಸಲಿ ಎಂದು ಅಮೆರಿಕದ ಬಿಳಿಯ ವೇಯ್ನ್ ಪರ್ಕಿನ್ಸ್ ಕೈಯಲ್ಲಿ ಗಿಟಾರು ಸೇರಿಸಿದ. ಕೆಟ್ಟಿತೇ? ಇಲ್ಲ. ಆ ಗಿಟಾರು ಅದ್ಭುತವಾಗಿದೆ. ಯಾವುದೂ ಶುದ್ಧವಾಗಿ ಉಳಿಯಬೇಕು ಎಂದು ಹಟ ಹಿಡಿಯುವುದು ನಮ್ಮ ಕೆಲಸವಲ್ಲ, ಮಡಿ ಮಾಡುವವರದ್ದು. ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ರಾಕ್ ಗಿಟಾರಿಗೆ ಹಚ್ಚಿದ್ದನ್ನು ನಾನು ಖುಷಿಯಿಂದಲೇ ಕೇಳಿದ್ದೇನೆ, ಶರೀಫರ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು. ನನ್ನ ತಕರಾರು ಹೆಸರಿಲ್ಲದ ಜಾಗಗಳ ಬಗ್ಗೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸ್ಟುಡಿಯೋಕ್ಕೆ ನಮ್ಮ ಕೇರಿಯ ಮೂವರು ತಮಟೆಯವರನ್ನು ಕರೆದುಕೊಂಡು ಹೋಗಿದ್ದೆ. ಬೆಂಕಿ ಹಚ್ಚಲು ಬಿಡಲಿಲ್ಲ, ರೂಮ್ ಹೀಟರ್ ಕೊಟ್ಟರು. ಬೆಳಗಿನಿಂದ ಸಂಜೆವರೆಗೆ ಬಾರಿಸಿದರು. ದಿನಗೂಲಿ ಕೊಟ್ಟು ಕಳಿಸಿದರು. ಡಿಸ್ಕು ಹೊರಬಂದಾಗ ಕೊಳಲು, ಕೀಬೋರ್ಡು, ಬೇಸು, ಎಲ್ಲದರ ಮುಂದೆ ಹೆಸರಿತ್ತು. ನಮ್ಮವರ ಜಾಗದಲ್ಲಿ ‘ಜನಪದ ವಾದ್ಯ’ ಅಂತಿತ್ತು. ‘ಜನಪದ’ ಅನ್ನೋ ಪದವನ್ನು ನಮ್ಮ ವಿದ್ವಾಂಸರು ಎಷ್ಟೇ ಗೌರವದಿಂದ ಬಳಸಿದರೂ ಅದು ಕೂಲಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೆ ಕೆಲಸ ಮಾಡುವುದುಂಟು. ವಿಮರ್ಶಕರು ಆ ಡಿಸ್ಕನ್ನು ನೆಲದ ಸೊಗಡು ಎಂದು ಹೊಗಳಿದರು. ನೆಲಕ್ಕೆ ಸೊಗಡು ಇರುತ್ತೆ, ಬಾರಿಸುವವರಿಗೆ ಹೆಸರಿರುತ್ತೆ.

ಹಾಗಂತ ಬೇರೆ ದಾರಿ ಇಲ್ಲವೆಂದಲ್ಲ. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಪಾ. ರಂಜಿತ್ ಮತ್ತು ಟೆನ್ಮಾ ಕಟ್ಟಿದ ‘ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಮೊದಲ ಸಲ ವೇದಿಕೆ ಹತ್ತಿತು. ನಮ್ಮ ತಮಟೆಯ ಒಡಹುಟ್ಟಾದ ಪರೈ, ಚೆನ್ನೈ ಕೊಳೆಗೇರಿಗಳ ಸಾವಿನ ಮನೆಯ ಗಾನಾ ಹಾಡು, ರಾಕ್ ಗಿಟಾರು, ರ್‍ಯಾಪು, ಎಲ್ಲ ಒಂದೇ ಸಾಲಿನಲ್ಲಿ ನಿಂತವು. ಮೀಸಲಾತಿಯ ಮೇಲೇ ಹಾಡು ಕಟ್ಟಿದರು. ಅಲ್ಲಿ ಪರೈ ಹಿನ್ನೆಲೆಯ ಬಣ್ಣವಲ್ಲ, ಗಿಟಾರು ಅದರ ಹಿಂದೆ ಹೋಗಬೇಕು. ತಂಡದ ಹೆಸರು ಅಯೋತಿದಾಸ ಪಂಡಿತರ ಜಾತಿ ಇಲ್ಲದ ತಮಿಳರು ಎಂಬ ವಿಚಾರದಿಂದ ಬಂದದ್ದು. ಅಯೋತಿದಾಸರ ಬೌದ್ಧ ಸಂಘಕ್ಕೆ ಕಳೆದ ಶತಮಾನದ ಆರಂಭದಲ್ಲಿ ಗಟ್ಟಿ ನೆಲೆಯಾಗಿದ್ದ ಜಾಗಗಳಲ್ಲಿ ನಮ್ಮ ಮಾರಿಕುಪ್ಪಂ, ಚಾಂಪಿಯನ್ ರೀಫ್ ಸೇರಿವೆ. ಅಂದರೆ ನನ್ನ ಮಾವನಿಗೆ ರಾಕ್ ಕ್ಯಾಸೆಟ್ಟಿನ ಡಬ್ಬ ಸಿಕ್ಕ ಬೀದಿಗಳಲ್ಲೇ ಈ ಮಾತು ನೂರು ವರ್ಷ ಹಿಂದೆ ಓಡಾಡಿತ್ತು. ಗಣಿ 2001ರಲ್ಲಿ ಮುಚ್ಚಿತು. ಕನ್ನಡದಲ್ಲಿ ಇಂಥ ತಂಡವೊಂದು ಅದೇ ಸೀಮೆಯಿಂದ ಏಕೆ ಎದ್ದು ಬರಲಿಲ್ಲ ಎಂಬುದನ್ನು ನಾವು ಕೂತು ಮಾತಾಡಬೇಕು. ತಮಟೆಯನ್ನು ನಾವು ಒಂದೋ ಅಟ್ಟಕ್ಕೆ ಹಾಕಿದೆವು, ಇಲ್ಲವೇ ಮೆರವಣಿಗೆಯಲ್ಲಿ ಮುಂದೆ ಬಿಟ್ಟೆವು. ಸ್ಟುಡಿಯೋದಲ್ಲಿ ಕೂರಿಸಿ, ಮೈಕು ಎಲ್ಲಿಡಬೇಕು ಎಂದು ಅದನ್ನೇ ಕೇಳುವ ಕೆಲಸ ಮಾಡಲಿಲ್ಲ.

2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಒಬ್ಬ ತಮಟೆ ಕಲಾವಿದರ ಹೆಸರನ್ನು ಓದಿ ಕರೆದರು. ಸಂತೋಷದ ವಿಷಯ. ಅಪ್ಪನಿಗೆ ಪೇಪರು ಓದಿ ಹೇಳಿದೆ. ‘ಕೊಟ್ರೆ ಕೊಡ್ಲಿ. ಅವ್ರ ಊರಾಗೆ ಸತ್ತೋರ ಮುಂದ್ಕೆ ಬಾರ್ಸಕ್ಕೆ ಇನ್ನಾ ಕರೀತಾರಾ ಕೇಳು’ ಅಂದ. ಅವನ ಪ್ರಶ್ನೆ ಪ್ರಶಸ್ತಿಯ ಬಗ್ಗೆ ಅಲ್ಲ.

ನರಸಾಪುರ ಈಗ ಕೈಗಾರಿಕಾ ಪ್ರದೇಶ. ಹೊಲಗಳಿದ್ದ ಕಡೆ ಸ್ಕೂಟರ್ ಕಾರ್ಖಾನೆ, ಐಫೋನ್ ಜೋಡಿಸುವ ಕಾರ್ಖಾನೆ. 2020ರ ಡಿಸೆಂಬರ್ 12ರಂದು ಸಂಬಳ ಸರಿಯಾಗಿ ಬರಲಿಲ್ಲ ಎಂದು ಕಾರ್ಮಿಕರು ಸಿಟ್ಟಿಗೆದ್ದು ಗಾಜು ಒಡೆದದ್ದು ದೇಶದ ಸುದ್ದಿಯಾಯಿತು. ಆಗ ಅದು ವಿಸ್ಟ್ರಾನ್ ಕಂಪನಿಯದು, ಆಮೇಲೆ ಟಾಟಾದವರು ಕೊಂಡರು. ಲೋಕದ ಎಲ್ಲಾ ರಾಕ್ ಆಲ್ಬಮ್ಮುಗಳೂ ಇವತ್ತು ಅಂಥ ಒಂದು ಫೋನಿನೊಳಗೆ ಸಿಗುತ್ತವೆ. ಆ ಫೋನಿನ ಹಳೆಯ ಮಾಡಲುಗಳ ಬೆನ್ನಿನ ಮೇಲೆ, ಕ್ಯಾಸೆಟ್ಟಿನ ಕಂಸದಷ್ಟೇ ಸಣ್ಣ ಅಕ್ಷರದಲ್ಲಿ, ವಿನ್ಯಾಸ ಕ್ಯಾಲಿಫೋರ್ನಿಯಾದ್ದು ಅಂತಲೂ ಜೋಡಣೆ ಭಾರತದ್ದು ಅಂತಲೂ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಜೋಡಿಸಿದ ಕೈಗೆ ದೇಶದ ಹೆಸರು ಸಿಕ್ಕಿತು, ‘ಜನಪದ ವಾದ್ಯ’ ಸಿಕ್ಕ ಹಾಗೆ.

ನಮ್ಮಕ್ಕನ ಮಗ ಆ ಕಡ್ಡಾಯದ ನೈಟ್ ಶಿಫ್ಟು ಮುಗಿಸಿ ಬಂದು ಹಗಲು ಮಲಗಿ, ಸಂಜೆ ತಮಟೆ ಕಲಿಯುತ್ತಿದ್ದಾನೆ. ಅಟ್ಟದ್ದಲ್ಲ, ಅದರ ಚರ್ಮ ಯಾವತ್ತೋ ಹೋಗಿದೆ, ಕಬ್ಬಿಣದ ಬಳೆ ಮಾತ್ರ ಉಳಿದಿದೆ. ಇವನದು ಫೈಬರ್ ಹಾಳೆಯದು, ಕಾಯಿಸುವ ತಾಪತ್ರಯವಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಡ್ರಮ್ಮಿಗೆ ಸರಿಯಾಗಿ ಬಾರಿಸುತ್ತಾನೆ. ಅಪ್ಪನಿಗೆ ಇದು ಎರಡು ಕಾರಣಕ್ಕೆ ಸರಿಬರುವುದಿಲ್ಲ. ಒಂದು, ತಮಟೆ ಮುಟ್ಟಿದ್ದಕ್ಕೆ. ಇನ್ನೊಂದು, ಚರ್ಮದ್ದಲ್ಲದ್ದನ್ನು ಮುಟ್ಟಿದ್ದಕ್ಕೆ. ‘ಬಾರ್ಸೋದೇ ಆದ್ರೆ ಚರ್ಮದ್ ತಂದು ಬಾರ್ಸು, ಇದೇನ್ ತಟ್ಟೆ ಬಡ್ದಂಗೆ’ ಎಂದು ಬೈಯುತ್ತಾ, ಹುಡುಗ ಎಡಗೈ ಕಡ್ಡಿಯನ್ನು ತಪ್ಪು ಹಿಡಿದಾಗ ಎದ್ದು ಹೋಗಿ ಬೆರಳು ತಿದ್ದಿ ಬರುತ್ತಾನೆ.